ಒಪ್ಪಿಸುವ ಮಗು ಓದುವುದು ಯಾವಾಗ?

ಮಾನ್ಯರೆ,

ಐದು ವರ್ಷದ ಮಗಳು ವರ್ಣಮಾಲೆಯನ್ನು ತಪ್ಪಿಲ್ಲದೆ ಒಪ್ಪಿಸುತ್ತಾಳೆ, ಆದರೆ ಪುಸ್ತಕದ ನಡುವೆ ಒಂದು ಅಕ್ಷರಕ್ಕೆ ಬೆರಳಿಟ್ಟು ಕೇಳಿದರೆ ಮತ್ತೆ ‘ಅ’ದಿಂದ ಹೇಳಿಕೊಂಡು ಬರುತ್ತಾಳೆ ಎಂದು ಬರೆದಿದ್ದೀರಿ. ದಿನಕ್ಕೊಂದು ಪುಟ ಬರೆಸಿದರೆ ಓದು ಹತ್ತೀತೇ ಎಂಬುದು ನಿಮ್ಮ ಪ್ರಶ್ನೆ. ಬರೆಸುವುದನ್ನು ಸದ್ಯಕ್ಕೆ ಬದಿಗಿಡಿ ಎಂಬುದೇ ನಮ್ಮ ಸಲಹೆ. ಅವಳಾಗಿಯೇ ಪೆನ್ಸಿಲ್ ಹಿಡಿದರೆ ತಡೆಯಬೇಕಾಗಿಲ್ಲ, ಅಷ್ಟೆ.

ನಿಮ್ಮ ಮಗಳಿಗೆ ಬಂದಿರುವುದು ಅಕ್ಷರಗಳ ಕ್ರಮ. ವರ್ಗೀಯ ವ್ಯಂಜನಗಳನ್ನು ಕಂಠದಿಂದ ತುಟಿಯವರೆಗಿನ ಉಚ್ಚಾರಣಾ ಸ್ಥಾನಗಳನ್ನು ಅನುಸರಿಸಿ ಜೋಡಿಸಿದ್ದಾರೆಯೇ ಹೊರತು, ಹೊಸದಾಗಿ ಓದುವವರಿಗೆ ಯಾವುದು ಮೊದಲು ಬೇಕು ಎಂದು ನೋಡಿ ಅಲ್ಲ. ಹಾಗಾಗಿಯೇ ಮಕ್ಕಳ ಪುಸ್ತಕದಲ್ಲಿ ಹುಡುಕಿದರೂ ಸಿಗದ ‘ಙ’ ಮೊದಲ ಸಾಲಿನಲ್ಲಿದ್ದರೆ, ಸಾಲುಸಾಲಿಗೂ ಎದುರಾಗುವ ‘ರ’, ‘ಸ’ಗಳು ಕೊನೆಯ ಗುಂಪಿನಲ್ಲಿವೆ.

ಮನೆಯಲ್ಲಿ ರ, ಗ, ಸ, ದ, ಅ ಎಂಬ ಐದೇ ಅಕ್ಷರಗಳಿಂದ ಆರಂಭಿಸಿ. ಸರ, ದರ, ಅರಸ, ಅಗಸ, ಗರಗಸ ಎಂಬ ಪದಗಳೆಲ್ಲ ಇವುಗಳಲ್ಲೇ ಅಡಗಿವೆ. ಗುಣಿತಾಕ್ಷರದ ಗೊಡವೆಯಿಲ್ಲ, ಒತ್ತಕ್ಷರದ ಹಂಗೂ ಇಲ್ಲ. ಅಂಗೈಯಗಲದ ರಟ್ಟಿನ ಚೂರುಗಳ ಮೇಲೆ ಒಂದೊಂದು ಅಕ್ಷರವನ್ನು ದಪ್ಪಗೆ ಬರೆದು, ‘ಸ’ ಮತ್ತು ‘ರ’ಗಳನ್ನು ಮೊದಲು ದೂರದೂರ ಇಟ್ಟು ಹೇಳಿಸಿ, ಆಮೇಲೆ ಎರಡನ್ನೂ ಹತ್ತಿರಕ್ಕೆ ಸರಿಸುತ್ತಾ ನಡುವೆ ನಿಲ್ಲಿಸದೆ ಹೇಳುವಂತೆ ಕೇಳಿ. ‘ಸರ’ ಎಂದವಳು ಅದು ತನಗೆ ಗೊತ್ತಿರುವ ಪದವೇ ಎಂದು ಕಂಡುಕೊಂಡಾಗ ರಟ್ಟುಗಳನ್ನು ಅದಲುಬದಲು ಮಾಡಿ. ‘ರಸ’ವನ್ನು ನೀವು ಹೇಳಿಕೊಡುವ ಅಗತ್ಯ ಬೀಳಲಾರದು. ಇವು ಕಣ್ಣಿಗೆ ಒಗ್ಗಿದ ಮೇಲೆ ಮ, ನ, ಬ, ವ ಸೇರಿಸಿ. ಒಂದನ್ನೊಂದು ಹೋಲುವ ಪ ಮತ್ತು ವ, ದ ಮತ್ತು ಧಗಳನ್ನು ಒಂದೇ ದಿನ ಪರಿಚಯಿಸದಿರುವುದು ಒಳ್ಳೆಯದು.

ಕಾಗುಣಿತವನ್ನೂ ಸಾಲಾಗಿ ಉರುಹೊಡೆಸಬೇಡಿ. ಗುಡಿಸು ಸೇರಿದಾಗ ‘ಮರ’ ಎಂಬುದು ‘ಮರಿ’ಯಾಗುವುದನ್ನು, ಕೊಂಬು ಬಂದಾಗ ‘ನಗ’ ಎಂಬುದು ‘ನಗು’ ಆಗುವುದನ್ನು ಮಗು ಪದದಲ್ಲೇ ನೋಡಲಿ. ಒತ್ತಕ್ಷರಗಳಿಗೆ ಅವಸರವಿಲ್ಲ, ಅದರಲ್ಲೂ ‘ಸೂರ್ಯ’ದಂಥ ಪದದಲ್ಲಿ ಮೊದಲು ಉಚ್ಚರಿಸುವ ರಕಾರವನ್ನು ಆಮೇಲೆ ಬರೆಯುವ ಅರ್ಕಾವೊತ್ತು ದೊಡ್ಡ ಮಕ್ಕಳನ್ನೂ ಎಡವಿಸುತ್ತದೆ.

ಕಥೆಪುಸ್ತಕ ಹಿಡಿದು ಚಿತ್ರ ನೋಡಿಕೊಂಡೇ ಬಾಯಿಪಾಠದಿಂದ ‘ಓದುತ್ತಾಳೆ’ ಎಂದು ಬೇಸರಪಟ್ಟಿದ್ದೀರಿ. ಅದು ಮೋಸವಲ್ಲ. ಪುಟದಲ್ಲಿರುವ ಗೆರೆಗಳಿಂದ ಮಾತು ಹೊರಡುತ್ತದೆ ಎಂಬುದು ಅವಳಿಗೆ ಆಗಲೇ ತಿಳಿದಿದೆ. ಹೀಗೆ ತಿಳಿಯುವುದನ್ನು ನಾವು ಅಕ್ಷರಜ್ಞಾನಕ್ಕಿಂತ ಕಡಿಮೆಯೆಂದು ಎಣಿಸುವುದಿಲ್ಲ. ಅದೇ ಕಥೆಯನ್ನು ಸಾಲಿನ ಕೆಳಗೆ ಬೆರಳಾಡಿಸುತ್ತಾ ನೀವು ಓದಿ, ಗುರುತಾಗಬಲ್ಲ ಒಂದು ಪದದ ಬಳಿ ನಿಂತು ಅವಳಿಗೆ ಬಿಟ್ಟುಕೊಡಿ. ತಪ್ಪಿದರೆ ಸರಿಯಾದುದನ್ನು ಹೇಳಿ ಮುಂದಕ್ಕೆ ಹೋಗಿ; ಕಥೆ ನಿಲ್ಲಬಾರದು. ಹತ್ತು ನಿಮಿಷ ಧಾರಾಳವಾಯಿತು, ಆಕಳಿಸಿದರೆ ಅದಕ್ಕೂ ಮೊದಲೇ ಮುಗಿಸಿ.

ಪುಸ್ತಕವನ್ನು ಮುಖಕ್ಕೆ ತೀರ ಹತ್ತಿರ ಹಿಡಿಯುತ್ತಿದ್ದರೆ, ಅಥವಾ ಹೇಳಿದ್ದನ್ನು ಪದೇ ಪದೇ ಕೇಳುತ್ತಿದ್ದರೆ, ಪಾಠದ ವಿಧಾನ ಬದಲಿಸುವ ಮುನ್ನ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಶಾಲೆಯಲ್ಲಿ ವರ್ಣಮಾಲೆಯ ಕ್ರಮದಲ್ಲೇ ಕಲಿಸುತ್ತಿದ್ದರೆ ಗೊಂದಲವಾದೀತೆಂಬ ಅಂಜಿಕೆ ಬೇಡ. ಮನೆಯಲ್ಲಿ ಯಾವ ಅಕ್ಷರಗಳಾಗಿವೆ ಎಂದು ಶಿಕ್ಷಕರಿಗೆ ಒಂದು ಮಾತು ತಿಳಿಸಿದರೆ ಸಾಕು.

– ಸಂಪಾದಕ