ವಾಟ್‌ಮೀಟರ್ ಬಿಚ್ಚುವ ಮುಂಚೆ ಒಮ್ಮೆ ತಿರುಗಿಸಿ ಹಾಕಿ ನೋಡಿ

ಸಾರ್, ಮೂಡಿಗೆರೆ ತೋಟದಿಂದ ನೀವು ಬರೆದಿದ್ದನ್ನು ಓದಿದೆ. ಹ್ಯಾಮ್ ರೇಡಿಯೋ ಸೆಟ್ಟಿಗೂ ಆಂಟೆನಾಕ್ಕೂ ನಡುವೆ ಹಾಕಿ ಪವರ್ ಅಳೆಯುವ ನಿಮ್ಮ ಎರಡು ಮುಳ್ಳಿನ ಎಚ್‌ಎಫ್ (ಶಾರ್ಟ್‌ವೇವ್) ವಾಟ್‌ಮೀಟರ್ ಮಳೆಗಾಲ ಪೂರ್ತಿ ಅಟ್ಟದ ಮೇಲಿತ್ತು. ಈಗ ಸೆಟ್ ಅನ್ನು 50 ವಾಟ್‌ಗೆ ಇಟ್ಟು ಮಾತಾಡಿದರೂ ಆಂಟೆನಾ ಕಡೆ ಹೋಗುವ ಪವರ್ ತೋರಿಸುವ ಫಾರ್ವರ್ಡ್ ಮುಳ್ಳು 15ರ ಹತ್ತಿರವೇ ನಿಲ್ಲುತ್ತದೆ. ಆಂಟೆನಾದಿಂದ ವಾಪಸ್ ಬರುವ ಪವರ್ ತೋರಿಸುವ ರಿಫ್ಲೆಕ್ಟೆಡ್ ಮುಳ್ಳು ಸೊನ್ನೆ ಬಿಟ್ಟು ಏಳುವುದೇ ಇಲ್ಲ. ಆಂಟೆನಾ 40 ಮೀಟರ್ ತರಂಗದ ಬ್ಯಾಂಡಿನ ಡೈಪೋಲ್ (ನಡುವೆ ಕೇಬಲ್ ಜೋಡಿಸಿದ ಎರಡು ಕೈಗಳ ತಂತಿ), 20 ಮೀಟರ್ ಬ್ಯಾಂಡಿನಲ್ಲೂ ಅದೇ ಸೊನ್ನೆ. ‘ರಿಫ್ಲೆಕ್ಟೆಡ್ ಸೊನ್ನೆ ಅಂದ್ರೆ ಆಂಟೆನಾ ಚೆನ್ನಾಗಿದೆ, ಸೆಟ್ಟೇ ಕೆಟ್ಟಿದೆ ಅಲ್ವಾ?’ ಎಂದು ಕೇಳಿದ್ದೀರಿ.

ದಯವಿಟ್ಟು ಸೆಟ್ ಅನ್ನು ರಿಪೇರಿಗೆ ಕಳಿಸಬೇಡಿ. 40 ಮೀಟರ್ ಬ್ಯಾಂಡಿಗೆ ಕತ್ತರಿಸಿದ, ನಡುವೆ ಫೀಡ್ ಮಾಡಿದ ಡೈಪೋಲ್ 20 ಮೀಟರ್‌ನಲ್ಲಿ ಪೂರ್ತಿ ತರಂಗದ ಉದ್ದ ಆಗುತ್ತದೆ. ಆಗ ನಡುವಿನ ಇಂಪೀಡೆನ್ಸ್ (ರೇಡಿಯೋ ತರಂಗದ ಕರೆಂಟಿಗೆ ಒಡ್ಡುವ ತಡೆ) ಸೆಟ್ಟಿಗೆ ಬೇಕಾದ 50 ಓಮ್ ಬಿಟ್ಟು ಸಾವಿರಾರು ಓಮ್‌ಗೆ ಏರುತ್ತದೆ. ಅಲ್ಲಿ ರಿಫ್ಲೆಕ್ಟೆಡ್ ಸೊನ್ನೆ ಬರುವುದಕ್ಕೆ ಸಾಧ್ಯವೇ ಇಲ್ಲ, ಜಾಸ್ತಿಯೇ ಬರಬೇಕು. ಅಂದರೆ ಮೀಟರಿನ ರಿಫ್ಲೆಕ್ಟೆಡ್ ಕಡೆ ಕುರುಡಾಗಿದೆ. ಅದು ಸರಿಯಾಗುವ ತನಕ 20 ಮೀಟರ್‌ನಲ್ಲಿ ಆ ಡೈಪೋಲ್ ಮೇಲೆ ಟ್ರಾನ್ಸ್‌ಮಿಟ್ ಮಾಡಬೇಡಿ, ಸೆಟ್ಟಿನ ಕೊನೆ ಹಂತದ ಫೈನಲ್ ಟ್ರಾನ್ಸಿಸ್ಟರ್‌ಗಳಿಗೆ ಒಳ್ಳೆಯದಲ್ಲ.

ಫಾರ್ವರ್ಡ್ 15 ತೋರಿಸುವುದರಲ್ಲಿ ಸ್ವಲ್ಪ ಭಾಗ ಮೀಟರಿನ ತಪ್ಪೇ ಅಲ್ಲ. ನೀವು ಎಸ್‌ಎಸ್‌ಬಿಯಲ್ಲಿ (ದನಿಯ ಏರಿಳಿತಕ್ಕೆ ತಕ್ಕಂತೆ ಪವರ್ ಏರಿಳಿಯುವ ವಿಧಾನ) ಮಾತಾಡಿ ನೋಡಿದ್ದೀರಿ. ಸಾಮಾನ್ಯ ಮೀಟರ್ ತೋರಿಸುವುದು ಸರಾಸರಿ. ಮಾತಿನ ಸರಾಸರಿ ಪೀಕ್‌ಗಿಂತ ತುಂಬಾ ಕಡಿಮೆ. ಪರೀಕ್ಷೆ ಏನಿದ್ದರೂ ಸಿಡಬ್ಲ್ಯು (ಮೋರ್ಸ್) ಅಥವಾ ಎಫ್‌ಎಂ ಕ್ಯಾರಿಯರ್, ಅಂದರೆ ಒಂದೇ ಸಮ ಪವರ್ ಇರುವ ಸಿಗ್ನಲ್, ಹಾಕಿ ಮಾಡಿ. ಟ್ರಾನ್ಸ್‌ಮಿಟ್ ಕೀ ಒತ್ತಿದಾಗ ಸೆಟ್ಟಿನ ಹಿಂಭಾಗದಲ್ಲೇ ಡಿಸಿ ವೋಲ್ಟೇಜ್ ಅಳೆಯಿರಿ. 13.8 ಇರಬೇಕಾದ್ದು 12ಕ್ಕಿಂತ ಕೆಳಗೆ ಬೀಳುತ್ತಿದ್ದರೆ ವೈರ್ ಸಣ್ಣದಾಯಿತು ಅಥವಾ ಪವರ್ ಸಪ್ಲೈ ಸೋಲುತ್ತಿದೆ. ನಮ್ಮ ಕಡೆ ಸಂಜೆ ಹೊತ್ತು ಕರೆಂಟ್ ಎಷ್ಟು ಡಿಮ್ ಆಗುತ್ತದೆ ಅಂತ ನಿಮಗೆ ಗೊತ್ತೇ ಇದೆ.

ಇನ್ನು ಮೀಟರಿಗೆ ಬರೋಣ. ಮೊದಲು ಒಂದು ಡಮ್ಮಿ ಲೋಡ್, ಅಂದರೆ ಆಂಟೆನಾ ಬದಲಿಗೆ ಪವರ್ ಕುಡಿಯುವ 50 ಓಮ್ ರೆಸಿಸ್ಟರ್, ಬೇಕು. ಇಲ್ಲದಿದ್ದರೆ 1 ಕಿಲೋ ಓಮ್, 2 ವಾಟ್‌ನ 20 ಕಾರ್ಬನ್ ಫಿಲ್ಮ್ ಅಥವಾ ಮೆಟಲ್ ಆಕ್ಸೈಡ್ ರೆಸಿಸ್ಟರ್‌ಗಳನ್ನು ಪ್ಯಾರಲಲ್ ಆಗಿ ಜೋಡಿಸಿ. 50 ಓಮ್, 40 ವಾಟ್ ಆಯಿತು. ಕಾಲುಗಳು ಗಿಡ್ಡ ಇರಲಿ. ವೈರ್‌ವೌಂಡ್ ಮಾತ್ರ ಬೇಡ, ಅದರೊಳಗೆ ಸುರುಳಿ ಇರುವುದರಿಂದ ಆರ್‌ಎಫ್‌ಗೆ (ರೇಡಿಯೋ ತರಂಗದ ಕರೆಂಟಿಗೆ) 50 ಓಮ್ ಆಗಿ ಉಳಿಯುವುದಿಲ್ಲ.

ಸೆಟ್ ಅನ್ನು 10 ವಾಟ್‌ಗೆ ಇಳಿಸಿ. ಮೀಟರಿನ ಟಿಎಕ್ಸ್ (ಟ್ರಾನ್ಸ್‌ಮಿಟರ್) ಕಡೆ ಸೆಟ್, ಆಂಟೆನಾ ಕಡೆ ಡಮ್ಮಿ ಲೋಡ್ ಹಾಕಿ ಎರಡೂ ಮುಳ್ಳು ನೋಡಿ ಬರೆದುಕೊಳ್ಳಿ. ಆಮೇಲೆ ಎರಡೂ ಕೇಬಲ್ ಬಿಚ್ಚಿ ಅದಲು ಬದಲು ಮಾಡಿ: ಆಂಟೆನಾ ಸಾಕೆಟ್‌ಗೆ ಸೆಟ್, ಟಿಎಕ್ಸ್ ಸಾಕೆಟ್‌ಗೆ ಲೋಡ್. ಈಗ ಪವರ್ ಹಿಂದುಮುಂದಾಗಿ ಹರಿಯುತ್ತದೆ, ರಿಫ್ಲೆಕ್ಟೆಡ್ ಮುಳ್ಳು ಏಳಬೇಕು, ಫಾರ್ವರ್ಡ್ ಮಲಗಬೇಕು. ನಿಮ್ಮ ಮೀಟರಿನಲ್ಲಿ ರಿಫ್ಲೆಕ್ಟೆಡ್ ಆಗಲೂ ಏಳಲಿಲ್ಲ ಅಂದರೆ ದೋಷ ಆ ಒಂದು ಚಾನೆಲ್ಲಿನಲ್ಲೇ ಇದೆ ಎಂದು ಗ್ಯಾರಂಟಿ. ಒಂದು ಸ್ಕ್ರೂ ಬಿಚ್ಚದೆ ಇಷ್ಟು ತಿಳಿಯುವ ಪರೀಕ್ಷೆ ಬೇರೆ ಇಲ್ಲ. ಅದಕ್ಕೇ ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಈಗ ಬಿಚ್ಚಿ. ಮೊದಲೇ ಒಳಗಿನ ಫೋಟೋ ತೆಗೆಯಿರಿ. ಟ್ರಿಮ್ಮರ್ ಮತ್ತು ಪ್ರೀಸೆಟ್‌ಗಳು (ಸ್ಕ್ರೂಡ್ರೈವರ್‌ನಿಂದ ತಿರುಗಿಸಿ ಹೊಂದಿಸುವ ಬಿಡಿಭಾಗಗಳು) ಈಗ ಯಾವ ದಿಕ್ಕಿಗೆ ಇವೆ ಎಂದು ಮಾರ್ಕರ್‌ನಿಂದ ಗುರುತು ಹಾಕಿ, ಅವನ್ನು ಮುಟ್ಟಬೇಡಿ. ಕೆಟ್ಟ ಡಯೋಡ್ ಇಟ್ಟುಕೊಂಡು ಟ್ರಿಮ್ಮರ್ ತಿರುಗಿಸಿದರೆ ಒಂದು ದೋಷ ಇದ್ದದ್ದು ಎರಡಾಗುತ್ತದೆ.

ಮುಳ್ಳಿನ ಮೂವ್‌ಮೆಂಟ್ (ಮುಳ್ಳನ್ನು ತಿರುಗಿಸುವ ಕಾಯಿಲ್) ಬದುಕಿದೆಯಾ ನೋಡಲು 1.5 ವೋಲ್ಟ್ ಸೆಲ್ ಜೊತೆಗೆ 22 ಕಿಲೋ ಓಮ್ ರೆಸಿಸ್ಟರ್ ಸೀರೀಸ್‌ನಲ್ಲಿ ಹಾಕಿ ಮೂವ್‌ಮೆಂಟಿನ ಟರ್ಮಿನಲ್‌ಗೆ ಮುಟ್ಟಿಸಿ. ಸುಮಾರು 65 ಮೈಕ್ರೋಆಂಪ್ ಹರಿಯುತ್ತದೆ. ಮುಳ್ಳು ಸ್ಪಷ್ಟವಾಗಿ ಏಳಬೇಕು. ಹಳೇ ಮುಳ್ಳಿನ ಮಲ್ಟಿಮೀಟರನ್ನು ಓಮ್‌ ರೇಂಜಿನಲ್ಲಿಟ್ಟು ನೇರ ಮುಟ್ಟಿಸಬೇಡಿ, ಅದರ ಕರೆಂಟಿಗೆ ಸಣ್ಣ ಕಾಯಿಲ್ ಸುಟ್ಟೇ ಹೋಗಬಹುದು.

ಮೂವ್‌ಮೆಂಟ್ ಸರಿ ಇದ್ದರೆ ನನ್ನ ಅನುಮಾನ ಆರ್‌ಎಫ್ ಅನ್ನು ಡಿಸಿ ಮಾಡಿ ಮುಳ್ಳಿಗೆ ಕೊಡುವ ಡಯೋಡಿನ ಮೇಲೆ. ಮಲೆನಾಡಿನಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಹೇಗಿರುತ್ತದೆ ಗೊತ್ತಲ್ಲ. ಮರದ ಮೇಲಿನ ಉದ್ದ ತಂತಿಗೆ ಸಿಡಿಲು ನೇರ ಬಡಿಯಬೇಕಿಲ್ಲ, ಹತ್ತಿರ ಬಿದ್ದರೂ ಸಾಕು. ಕೇಬಲ್ ಮೀಟರಿಗೆ ಸಿಕ್ಕಿಸಿಯೇ ಇದ್ದರೆ ಈ ಸಣ್ಣ ಡಯೋಡ್ ಹೋಗುತ್ತದೆ. ಹಳೇ ಮೀಟರ್‌ಗಳಲ್ಲಿ 1ಎನ್34ಎ, 1ಎನ್60ರಂಥ ಜರ್ಮೇನಿಯಂ ಡಯೋಡ್ ಇರುತ್ತವೆ. ಒಂದು ಕಾಲು ಬಿಚ್ಚಿ, ಮಲ್ಟಿಮೀಟರಿನ ಡಯೋಡ್ ರೇಂಜಿನಲ್ಲಿ ನೋಡಿ. ಬೋರ್ಡಿನಲ್ಲಿದ್ದಾಗಲೇ ಅಳೆದರೆ ಪಕ್ಕದ ರೆಸಿಸ್ಟರ್ ದಾರಿ ತಪ್ಪಿಸುತ್ತದೆ. ಒಂದು ದಿಕ್ಕಿನಲ್ಲಿ 0.2ರಿಂದ 0.35 ವೋಲ್ಟ್ ಬಂದರೆ ಜರ್ಮೇನಿಯಂ ಸರಿ ಇದೆ. ಎರಡೂ ದಿಕ್ಕಿನಲ್ಲಿ ಏನೂ ಬರದಿದ್ದರೆ ಓಪನ್, ಎರಡೂ ಕಡೆ ಸೊನ್ನೆ ಬಂದರೆ ಶಾರ್ಟ್.

ಬದಲಿಸುವಾಗ ಫಾರ್ವರ್ಡ್, ರಿಫ್ಲೆಕ್ಟೆಡ್ ಎರಡೂ ಕಡೆಯ ಡಯೋಡ್ ಒಟ್ಟಿಗೆ ಬದಲಿಸಿ, ಹತ್ತಿರ ಹತ್ತಿರ ಒಂದೇ ರೀಡಿಂಗ್ ಕೊಡುವ ಜೋಡಿ ಆರಿಸಿ. ಹಾಸನ, ಚಿಕ್ಕಮಗಳೂರಿನಲ್ಲಿ ಹಳೇ ರೇಡಿಯೋ ರಿಪೇರಿ ಮಾಡುವವರ ಡಬ್ಬಿಯಲ್ಲಿ ಒಎ79 ಸಿಗಬಹುದು, ಹಳೇ ಟ್ರಾನ್ಸಿಸ್ಟರ್ ರೇಡಿಯೋಗಳ ಡಿಟೆಕ್ಟರ್ ಅದು. ಇಲ್ಲವಾದರೆ ಬೆಂಗಳೂರಿನ ಎಸ್.ಪಿ. ರೋಡ್. ಜರ್ಮೇನಿಯಂ ಸಿಗದಿದ್ದರೆ 1ಎನ್5711 ಶಾಟ್ಕಿ ಡಯೋಡ್ ಹಾಕಿ. 1ಎನ್4148 ಬೇಡ. ಅದಕ್ಕೆ 0.6 ವೋಲ್ಟ್‌ವರೆಗೆ ಎಚ್ಚರವೇ ಆಗುವುದಿಲ್ಲ, ಸಣ್ಣ ರಿಫ್ಲೆಕ್ಟೆಡ್ ಪವರ್ ಇದ್ದರೂ ಮುಳ್ಳು ಸೊನ್ನೆಯಲ್ಲೇ ಇರುತ್ತದೆ. ಜರ್ಮೇನಿಯಂ ಬಿಸಿ ತಡೆಯುವುದಿಲ್ಲ, ಬೆಸುಗೆ ಹಾಕುವಾಗ ಕಾಲನ್ನು ನೋಸ್ ಪ್ಲೈಯರ್‌ನಲ್ಲಿ ಹಿಡಿದಿರಿ.

ಫಾರ್ವರ್ಡ್ ಕಡಿಮೆ ತೋರಿಸುವುದಕ್ಕೆ ಅಟ್ಟದ ತೇವವೇ ಕಾರಣ ಇರಬಹುದು. ರೇಂಜ್ ಸ್ವಿಚ್ಚಿನ ಕಾಂಟ್ಯಾಕ್ಟ್ ಕಪ್ಪಾಗಿರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಸ್ವಿಚ್ಚನ್ನು ಹತ್ತಿಪ್ಪತ್ತು ಸಲ ಆಡಿಸಿ. ಬೋರ್ಡಿನ ಮೇಲಿನ ಬೂಷ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಬ್ರಷ್‌ನಿಂದ ತೆಗೆದು ಒಣಗಿಸಿ. ಇಲ್ಲಿ ಕಿಲೋ ಓಮ್‌ಗಟ್ಟಲೆ ರೆಸಿಸ್ಟೆನ್ಸ್ ಇರುವ ಜಾಗ, ತೇವದ ಸಣ್ಣ ಲೀಕೇಜ್ ಕೂಡ ಮುಳ್ಳನ್ನು ಕೆಳಗೆ ಎಳೆಯುತ್ತದೆ. ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರ್‌ಗಳಿದ್ದರೆ ಅಳೆಯಿರಿ, ತೇವ ಕುಡಿದು ಅವುಗಳ ಓಮ್ ಏರಿರುತ್ತದೆ. ಸಾಕೆಟ್‌ಗಳ ನಡುಪಿನ್ನಿನ ಬೆಸುಗೆ ಒಮ್ಮೆ ಬಿಸಿ ಮಾಡಿ ಹೊಸ ಲೆಡ್ ಕೊಡಿ.

ಕೊನೆಗೆ ಮಾತ್ರ ಟ್ರಿಮ್ಮರ್. ಡಮ್ಮಿ ಲೋಡ್ ಮೇಲೆ 10 ವಾಟ್ ಕೊಟ್ಟು, ಪ್ಲಾಸ್ಟಿಕ್ ಸ್ಕ್ರೂಡ್ರೈವರ್‌ನಿಂದ ರಿಫ್ಲೆಕ್ಟೆಡ್ ಅತಿ ಕಡಿಮೆ ಬರುವ ಹಾಗೆ ತಿರುಗಿಸಿ. ಕೇಬಲ್ ಅದಲು ಬದಲು ಮಾಡಿ ಇನ್ನೊಂದು ಕಡೆಯನ್ನೂ ಹಾಗೇ ಮಾಡಿ. ಪವರ್ ಸರಿ ಹೊಂದಿಸಲು ಲೋಡ್ ಮೇಲೆ ಒಂದು 1ಎನ್4148 ಮತ್ತು 0.01 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಕೆಪಾಸಿಟರಿನ ಡಿಸಿ ಅಳೆಯಿರಿ. ಈ ಕೆಲಸಕ್ಕೆ 4148 ಸಾಕು. ಬಂದ ವೋಲ್ಟೇಜಿಗೆ 0.7 ಸೇರಿಸಿ, ವರ್ಗ ಮಾಡಿ, 100ರಿಂದ ಭಾಗಿಸಿ. 31 ವೋಲ್ಟ್ ಬಂದರೆ ಸುಮಾರು 10 ವಾಟ್, ಪ್ರೀಸೆಟ್ ತಿರುಗಿಸಿ ಮೀಟರಿನ ಮುಳ್ಳನ್ನು ಅಲ್ಲಿಗೆ ತನ್ನಿ. 50 ವಾಟ್‌ನಲ್ಲಿ ಈ ಡಯೋಡ್ ಇಡಬೇಡಿ, ಹಿಮ್ಮುಖವಾಗಿ 140 ವೋಲ್ಟ್ ಬಂದು ಅದು ಹೋಗುತ್ತದೆ. ಪೆಟ್ಟಿಗೆ ತೆರೆದಿರುವಾಗ ಕೀ ಒತ್ತಿ ಒಳಗೆ ಕೈ ಹಾಕಬೇಡಿ, ಆರ್‌ಎಫ್ ಸುಟ್ಟರೆ ಗಾಯ ಆಳಕ್ಕೆ ಇಳಿಯುತ್ತದೆ.

ಸೆಟ್ 50 ಅಂದಾಗ ಮೀಟರ್ 46 ಅಂದರೆ ಬಿಟ್ಟುಬಿಡಿ. ಬರ್ಡ್ 43ರಂಥ ಹೆಸರುವಾಸಿ ಮೀಟರಿಗೇ ಫುಲ್ ಸ್ಕೇಲಿನ ಶೇ 5ರಷ್ಟು ಹೆಚ್ಚುಕಡಿಮೆ ಇದೆ. 100 ವಾಟ್ ಸ್ಕೇಲಿನಲ್ಲಿ ಅದು 5 ವಾಟ್ ಆಯಿತು. ನಿಮಗೆ ನಿಜವಾಗಿ ಬೇಕಾದದ್ದು ಫಾರ್ವರ್ಡ್ ಮತ್ತು ರಿಫ್ಲೆಕ್ಟೆಡ್ ನಡುವಿನ ಪ್ರಮಾಣ. 50ಕ್ಕೆ 2 ವಾಟ್ ವಾಪಸ್ ಬಂದರೆ ಎಸ್‌ಡಬ್ಲ್ಯುಆರ್ (ಆಂಟೆನಾ ಎಷ್ಟು ಹೊಂದಿದೆ ಎನ್ನುವ ಅಳತೆ, 1 ಎಂದರೆ ಪೂರ್ತಿ ಹೊಂದಿಕೆ) 1.5, ನೆಮ್ಮದಿಯಾಗಿ ಮಾತಾಡಬಹುದು.

ಅದಲು ಬದಲು ಮಾಡಿದಾಗ ಎರಡೂ ಮುಳ್ಳು ಎಲ್ಲಿ ನಿಂತವು ಎಂದು ಇಲ್ಲೇ ಬರೆಯಿರಿ, ಬೋರ್ಡಿನ ಫೋಟೋ ಕೂಡ ಹಾಕಿ. ಡಯೋಡ್ ಯಾವುದು, ಒಳಗಿನ ಸೆನ್ಸರ್ ತಂತಿಯ ಕೊನೆಗೆ ಹಾಕುವ ಟರ್ಮಿನೇಷನ್ ರೆಸಿಸ್ಟರ್ ಯಾವುದು ಎಂದು ಗುರುತು ಹಾಕಿ ಕಳಿಸುತ್ತೇನೆ.