ಖಾಲಿ ಹಾಳೆಗೆ ಸಹಿ ಹಾಕಬೇಡಿ

ಪ್ರಶ್ನೆ: ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿದ್ದೇನೆ. ಸೇರಿ ನಾಲ್ಕು ವರ್ಷ ಐದು ತಿಂಗಳಾಯಿತು. ಸಂಬಳ 15,600 ರೂಪಾಯಿ, ಎಂಟು ಗಂಟೆಯ ಶಿಫ್ಟು. ಸೂಪರ್‌ವೈಸರ್ ಬೆಳಿಗ್ಗೆ ಹೇಳಿದ್ದನ್ನು ಸಂಜೆ ‘ನಾನೆಲ್ಲಿ ಹೇಳಿದೆ?’ ಅಂತ ಎಲ್ಲರೆದುರು ಬೈಯುತ್ತಾರೆ. ದಿನವೂ ಪಂಚ್ ಔಟ್ ಮಾಡಿಸಿ ಇನ್ನೂ ಒಂದೂವರೆ ಗಂಟೆ ದುಡಿಸುತ್ತಾರೆ. ಮ್ಯಾನೇಜರ್‌ಗೆ ಹೇಳಿದರೆ ‘ಅಡ್ಜಸ್ಟ್ ಮಾಡ್ಕೊಳ್ಳಮ್ಮ’ ಅಂದರು. ಈಗ ಖಾಲಿ ಹಾಳೆಗೆ ಸಹಿ ಕೇಳುತ್ತಿದ್ದಾರೆ. ಕೆಲಸ ಬಿಟ್ಟುಬಿಡಲೇ?
– ಓದುಗರು, ಮೈಸೂರು

ಉತ್ತರ: ಮೊದಲು ಆ ಹಾಳೆಯ ವಿಷಯ. ಸಹಿ ಹಾಕಲೇಬೇಡಿ. ನಾಳೆ ಅದೇ ನಿಮ್ಮ ರಾಜೀನಾಮೆ ಆಗಬಹುದು, ತಪ್ಪೊಪ್ಪಿಗೆಯೂ ಆಗಬಹುದು. ‘ವಿಷಯ ಬರೆದು ಕೊಡಿ ಸರ್, ಓದಿ ಸಹಿ ಹಾಕ್ತೀನಿ’ ಅನ್ನಿ. ಒತ್ತಾಯ ಮಾಡಿದರೆ ಅಂದೇ ಎಚ್‌.ಆರ್‌.ಗೆ ಇಮೇಲ್ ಹಾಕಿ.

ಮಾತು ಬದಲಿಸುವವರಿಗೆ ವಾದ ಮಾಡಿ ಪ್ರಯೋಜನವಿಲ್ಲ. ಕೆಲಸ ಹೇಳಿದ ಹತ್ತು ನಿಮಿಷದೊಳಗೆ ವಾಟ್ಸ್ಆ್ಯಪ್ ಮಾಡಿ: ‘ಸರ್, ನೀವು ಹೇಳಿದಂತೆ ಎರಡನೇ ಲೈನಿನ ಪೆಟ್ಟಿಗೆಗಳಿಗೆ ಹಳೇ ಲೇಬಲ್ಲೇ ಅಂಟಿಸುತ್ತಿದ್ದೇವೆ. ಬದಲಾವಣೆ ಇದ್ದರೆ ತಿಳಿಸಿ.’ ಅವರು ಉತ್ತರಿಸದಿದ್ದರೂ ಸಂದೇಶ ಉಳಿಯುತ್ತದೆ.

ಒ.ಟಿ. ಲೆಕ್ಕ ಗಟ್ಟಿಯಾಗಿ ಹಿಡಿಯಿರಿ, ಅದು ನಿಮ್ಮ ಬೆವರಿನ ದುಡ್ಡು. ಎಂಟು ಗಂಟೆಯಂತೆ ಆರು ದಿನಕ್ಕೇ ವಾರದ 48 ಗಂಟೆ ತುಂಬುತ್ತದೆ. ಆಮೇಲಿನದಕ್ಕೆಲ್ಲ ಎರಡು ಪಟ್ಟು ಕೂಲಿ ಕೊಡಬೇಕು. 15,600 ಅನ್ನು 26 ದಿನಕ್ಕೆ, ಮತ್ತೆ 8ಕ್ಕೆ ಭಾಗಿಸಿದರೆ ಗಂಟೆಗೆ 75 ರೂಪಾಯಿ, ಒ.ಟಿ.ಗೆ 150. ವಾರಕ್ಕೆ ಒಂಬತ್ತು ಗಂಟೆ ಅಂದರೆ 1,350 ರೂಪಾಯಿ. ಪಂಚ್ ಮೆಷಿನ್ ನಿಮ್ಮ ಪರ ಇಲ್ಲದ್ದರಿಂದ ಚಿಕ್ಕ ನೋಟ್‌ಬುಕ್ಕಿನಲ್ಲಿ ದಿನಾಂಕ, ನಿಜವಾಗಿ ಹೊರಬಿದ್ದ ಸಮಯ, ನಿಲ್ಲಿಸಿಕೊಂಡವರು, ಜೊತೆಗಿದ್ದವರು ಇಷ್ಟನ್ನು ಅಂದಂದೇ ಬರೆಯಿರಿ. ತಿಂಗಳ ಕೊನೆಗೆ ಒಟ್ಟಿಗೆ ಬರೆದರೆ ತಾರೀಖು ತಪ್ಪುತ್ತದೆ, ಒಂದು ತಪ್ಪಿದರೂ ಪುಸ್ತಕವನ್ನೇ ನಂಬುವುದಿಲ್ಲ. ಬಸ್ಸಿನಲ್ಲಿ ಹೋಗುವುದಾದರೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಎಸೆಯಬೇಡಿ. ಅದರಲ್ಲಿ ಸಮಯ ಇರುತ್ತದೆ. ಅಕ್ಷರ ಬೇಗ ಮಾಸುವುದರಿಂದ ಫೋಟೊ ತೆಗೆದಿಡಿ.

ಇಂಥ ಕಡೆ ಪಿ.ಎಫ್. ಕೂಡ ನೋಡಬೇಕು. ಹಿಂದಿನ ತಿಂಗಳ ಹಣ 15ನೇ ತಾರೀಖಿನೊಳಗೆ ಕಟ್ಟಬೇಕು. ಸಂಬಳದ 15,000 ರೂಪಾಯಿ ಮಿತಿಯವರೆಗಷ್ಟೇ ಪಿ.ಎಫ್. ಕಟ್ಟುವ ಕಂಪನಿಯಾದರೆ ಪಾಸ್‌ಬುಕ್ಕಿನಲ್ಲಿ ನಿಮ್ಮ 1,800, ಕಂಪನಿಯ 550, ಪಿಂಚಣಿಯ 1,250 ಕಾಣಬೇಕು. ಸ್ಲಿಪ್ಪಿನಲ್ಲಿ ಕಡಿತವಾಗಿ ಪಾಸ್‌ಬುಕ್ಕಿನಲ್ಲಿ ಇಲ್ಲದಿದ್ದರೆ ಮೈಸೂರಿನ ಪಿ.ಎಫ್. ಕಚೇರಿಗೆ ದೂರು ಕೊಡಿ. ಒ.ಟಿ. ದೂರು ಕಾರ್ಖಾನೆಗಳ ಇಲಾಖೆಗೆ. ನಾಲ್ಕೈದು ಜನ ಸೇರಿ ಕೊಟ್ಟರೆ ಒಬ್ಬರನ್ನೇ ಗುರಿ ಮಾಡುವುದು ಕಷ್ಟ. ಬೈಗುಳದಲ್ಲಿ ಅಶ್ಲೀಲ ಮಾತೂ ಇದ್ದರೆ ಲೈಂಗಿಕ ಕಿರುಕುಳದ ದೂರು ಕೇಳುವ ಕಾರ್ಖಾನೆಯ ಆಂತರಿಕ ಸಮಿತಿಗೆ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು.

ಇನ್ನು ಬಿಡುವ ಮಾತು. ಕಾಯಂ ನೌಕರರಿಗೆ ಐದು ವರ್ಷ ತುಂಬಿದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು. ಸಂಬಳವೆಲ್ಲ ಮೂಲವೇತನ, ಡಿ.ಎ. (ತುಟ್ಟಿಭತ್ಯೆ) ಆಗಿದ್ದರೆ ದಿನಕ್ಕೆ 600ರಂತೆ ವರ್ಷಕ್ಕೆ 15 ದಿನ, ಐದು ವರ್ಷ: 45,000 ರೂಪಾಯಿ. ನಿಮಗಿನ್ನು ಏಳೇ ತಿಂಗಳು. ತಡೆಯಲಾದರೆ ತಡೆದು ಈಗಿಂದಲೇ ಬೇರೆ ಕಡೆ ಹುಡುಕಿ. ನಿದ್ದೆ, ಊಟ ಕೆಟ್ಟಿದ್ದರೆ ಆ ಹಣಕ್ಕಾಗಿ ಕಾಯಬೇಡಿ. ಹೇಗೂ ಹೇಳದೆ ಕೇಳದೆ ಗೈರಾಗಬೇಡಿ. ನೇಮಕಾತಿ ಪತ್ರದಲ್ಲಿರುವಷ್ಟು ದಿನದ ನೋಟಿಸ್ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.