ನಾಲ್ವರಿಗೆ ವಾಂತಿ, ಅತ್ತೆಗೆ ಏನೂ ಇಲ್ಲ!

ಪ್ರಶ್ನೆ: ಮನೆಯಲ್ಲಿ ನಾಲ್ವರಿಗೆ ಒಂದೇ ರಾತ್ರಿ ವಾಂತಿ-ಭೇದಿ ಹಿಡಿಯಿತು. ಪರೀಕ್ಷೆಯಲ್ಲಿ ನೊರೊವೈರಸ್ ಎಂದು ಬಂತು. ಅದೇ ಊಟ ಉಂಡು, ನಮ್ಮೆಲ್ಲರ ಆರೈಕೆಯನ್ನೂ ಮಾಡಿದ ಅತ್ತೆಯವರಿಗೆ ಮಾತ್ರ ಏನೂ ಆಗಲಿಲ್ಲ. ಅವರದು ‘ಬಿ’ ಗುಂಪಿನ ರಕ್ತ. ಅದೇ ಕಾರಣವೇ? ಜೀನ್ ಪರೀಕ್ಷೆ ಮಾಡಿಸಬೇಕೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ರಕ್ತದ ಗುಂಪಿಗೂ ಇದಕ್ಕೂ ನಂಟಿದೆ. ಆದರೆ ಅದಕ್ಕಿಂತ ದೊಡ್ಡ ಪಾತ್ರ 19ನೇ ಕ್ರೋಮೋಸೋಮಿನ ಎಫ್‌ಯುಟಿ2 ಜೀನಿನದು. ಕರುಳಿನ ಒಳಪದರದಲ್ಲೂ ಜೊಲ್ಲಿನಲ್ಲೂ ‘ಎಚ್’ ಎಂಬ ಸಕ್ಕರೆ ಸರಪಳಿ ಕಟ್ಟುವ ಕಿಣ್ವ ಈ ಜೀನಿನಿಂದ ತಯಾರಾಗುತ್ತದೆ. ಎ, ಬಿ ಗುರುತುಗಳು ಸೇರಿಕೊಳ್ಳುವುದೂ ಇದೇ ಎಚ್‌ಗೆ. ನೊರೊವೈರಸ್ ಕರುಳಿನಲ್ಲಿ ಅಂಟಿಕೊಳ್ಳಲು ಹುಡುಕುವುದು ಈ ಸಕ್ಕರೆಗಳನ್ನೇ.

ತಂದೆ, ತಾಯಿ ಇಬ್ಬರಿಂದಲೂ ಈ ಜೀನಿನ ಕೆಲಸ ಮಾಡದ ಪ್ರತಿಯೇ ಬಂದಿದ್ದರೆ ಕರುಳಿನಲ್ಲಿ ಎಚ್ ಇರುವುದಿಲ್ಲ. ಇಂಥವರನ್ನು ‘ನಾನ್-ಸೆಕ್ರೆಟರ್’ ಎನ್ನುತ್ತಾರೆ. ಯುರೋಪಿನ ಮೂಲದವರಲ್ಲಿ ಸುಮಾರು ಶೇ. 20 ಮಂದಿ ಹೀಗಿದ್ದಾರೆ. ಅವರಲ್ಲಿ ಸಾಮಾನ್ಯವಾಗಿ ಈ ಜೀನಿನ ಡಿಎನ್‌ಎ ಬರಹದಲ್ಲಿ 428ನೇ ಸ್ಥಾನದ ಜಿ ಅಕ್ಷರ ಎ ಆಗಿರುತ್ತದೆ. ಅಷ್ಟಕ್ಕೇ ಕಿಣ್ವದ ತಯಾರಿ ಅರ್ಧದಲ್ಲಿ ನಿಲ್ಲುತ್ತದೆ. 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಸ್ವಯಂಸೇವಕರಿಗೆ ನಾರ್ವಾಕ್ ವೈರಸ್ (ನೊರೊವೈರಸ್‌ನ ಒಂದು ತಳಿ) ಕುಡಿಸಿದಾಗ ನಾನ್-ಸೆಕ್ರೆಟರ್‌ಗಳಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ. ‘ಬಿ’ ಗುಂಪಿನವರಿಗೂ ಆ ತಳಿಯಿಂದ ಅಪಾಯ ಕಡಿಮೆಯೇ.

ಹಾಗಂತ ಜೀನ್ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ನಾನ್-ಸೆಕ್ರೆಟರ್‌ಗಳಿಗೂ ತಗಲುವ ನೊರೊವೈರಸ್ ತಳಿಗಳಿವೆ. ಅತ್ತೆಯವರಿಗೆ ಹಿಂದಿನ ಸೋಂಕಿನಿಂದ ಬಂದ ರಕ್ಷಣೆಯೂ ಇದ್ದಿರಬಹುದು. ಇಲ್ಲವೇ ಸೋಂಕು ತಗಲಿಯೂ ಲಕ್ಷಣ ಕಾಣದೆ, ಮಲದಲ್ಲಿ ವೈರಸ್ ಹೊರಹೋಗುತ್ತಿರಬಹುದು. ಆದ್ದರಿಂದ ಅಡುಗೆಗೆ ಮುಂಚೆ ಅವರೂ ಸೋಪು ಹಚ್ಚಿ 20 ಸೆಕೆಂಡ್ ಕೈ ಉಜ್ಜಿ ತೊಳೆಯಲಿ. ಸ್ಯಾನಿಟೈಸರ್ ನಂಬಬೇಡಿ, ಈ ವೈರಸ್ಸಿಗೆ ಕೊಬ್ಬಿನ ಹೊದಿಕೆಯಿಲ್ಲದ್ದರಿಂದ ಅದರ ಮೇಲೆ ಆಲ್ಕೋಹಾಲಿನ ಪರಿಣಾಮ ಕಡಿಮೆ.

ವಾಂತಿ ಬಿದ್ದ ಜಾಗವನ್ನು ಮೊದಲು ಕಾಗದದಿಂದ ಒರೆಸಿ ತೆಗೆಯಿರಿ; ಕೊಳೆ ಉಳಿದರೆ ಬ್ಲೀಚ್ ಅದರಲ್ಲೇ ವ್ಯಯವಾಗುತ್ತದೆ. ಆಮೇಲೆ ಶೇ. 5ರ ಬ್ಲೀಚ್ ದ್ರಾವಣ 100 ಮಿ.ಲೀ. ತೆಗೆದುಕೊಂಡು, ನೀರು ಸೇರಿಸಿ ಒಟ್ಟು 1 ಲೀಟರ್ ಮಾಡಿ ಬಳಿಯಿರಿ. 10 ನಿಮಿಷ ಒದ್ದೆಯಾಗಿಯೇ ಇರಲಿ. ಟಾಯ್ಲೆಟ್ ಆ್ಯಸಿಡ್ ಜೊತೆ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ವಾಂತಿ-ಭೇದಿ ನಿಂತ ಮೇಲೂ 48 ಗಂಟೆ ಕಾಯಿಲೆ ಬಿದ್ದವರು ಅಡುಗೆಮನೆಗೆ ಹೋಗುವುದು ಬೇಡ.